ಹಳೆ ಜೀಪು ಕೊಳ್ಳುವ ಮುನ್ನ: ಮೊದಲು ಆರ್‌ಸಿ, ಆಮೇಲೆ ಚಾಸಿಸ್, ಕೊನೆಗೆ ಎಂಜಿನ್

ಹಳೆ ಜೀಪು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಆಮೇಲೆ 'ಸ್ಟಾರ್ಟ್ ಮಾಡಿ, ಕೇಳೋಣ' ಅನ್ನುತ್ತಾರೆ. ಎಂಜಿನ್ ಗುಡುಗುಡು ಅಂದಿತೋ ಮುಗಿಯಿತು, ಅಡ್ವಾನ್ಸ್ ದುಡ್ಡು ಜೇಬಿನಿಂದ ಅರ್ಧ ಹೊರಗೆ ಬಂದಿರುತ್ತದೆ. ನಾನೂ ಹಾಗೇ ಮಾಡಿದವನು. ಕೆಲವು ವರ್ಷಗಳ ಹಿಂದೆ ತೋಟದ ಓಡಾಟಕ್ಕೆ ಅಂತ ಮಹೀಂದ್ರದ ಒಂದು ಎಂಎಂ 540 ಜೀಪು ತಂದೆ. ಮಿಲಿಟರಿ ಹಸಿರು ಬಣ್ಣ, ಹೊಸ ಹುಡ್, ಒಂದೇ ಸೆಲ್ಫ್ ಸ್ಟಾರ್ಟಿಗೆ ಶುರುವಾಗುವ ಎಂಜಿನ್. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆಯೂ ಆಯಿತು. ಮುಂದೆ ಆರ್‌ಸಿ ರಿನ್ಯೂವಲ್‌ಗೆ ಅಂತ ಆರ್‌ಟಿಒಗೆ ಒಯ್ದಾಗ ಇನ್‌ಸ್ಪೆಕ್ಟರ್ ಚಾಸಿಸ್ ಅಂದರೆ ಗಾಡಿಯ ಅಡಿ ಚೌಕಟ್ಟಿಗೆ ಒತ್ತಿದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಆರ್‌ಸಿಯಲ್ಲಿ ಇದ್ದದ್ದಕ್ಕಿಂತ ಎರಡು ಅಂಕಿ ಬೇರೆ ಬಂತು. ನಂಬರಿನ ಸುತ್ತ ಸಣ್ಣಗೆ ಒಂದು ವೆಲ್ಡಿಂಗ್ ಗೆರೆಯೂ ಇತ್ತು. ದಿನಾ ತೊಳೆಯುತ್ತಿದ್ದ ಗಾಡಿ, ಆ ಗೆರೆ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜೀಪು ಒಂದೂವರೆ ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿತು. ಎಂಜಿನ್ ಮಾತ್ರ ಚೆನ್ನಾಗಿಯೇ ಇತ್ತು.

ಹಳೆ ಜೀಪಿನ ಸೊಗಸು ಏನೆಂದರೆ ಅದರಲ್ಲಿ ಎಲ್ಲವನ್ನೂ ಬಿಚ್ಚಬಹುದು, ಎಲ್ಲವನ್ನೂ ಬದಲಿಸಬಹುದು. ಎಂಜಿನ್ ಸವೆದರೆ ಬೋರ್ ಮಾಡಿಸಬಹುದು. ಗೇರ್‌ಬಾಕ್ಸ್ ಹೋದರೆ ಇನ್ನೊಂದು ತಂದು ಕೂರಿಸಬಹುದು. ಬಾಡಿ ತೂತಾದರೆ ಹೊಸ ತಗಡು ಬಡಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆದರೆ ಅರ್ಧ ಜೀಪಿನ ಸಾಮಾನು ಕೂಡಿಬರುತ್ತದೆ. ಅಂಗಡಿಯಲ್ಲಿ ಸಿಗದೆ ಇರುವುದು ಎರಡೇ: ಸಾಚಾ ಚಾಸಿಸ್, ಅದಕ್ಕೆ ಹೊಂದುವ ಕಾಗದ. ಹಾಗಾಗಿ ನೋಡುವ ಕ್ರಮವನ್ನೇ ತಿರುಗಿಸಬೇಕು. ಕಾಗದ ಮೊದಲು, ಚಾಸಿಸ್ ಎರಡನೆಯದು, ಎಂಜಿನ್ ಕಟ್ಟಕಡೆಗೆ.

ಯಾವ ಜೀಪು ಅಂತ ಗೊತ್ತಿರಲಿ

ಮಾರುವವರ ಬಾಯಲ್ಲಿ ಎಲ್ಲವೂ 'ವಿಲ್ಲಿಸ್', ಎಲ್ಲವೂ 'ಮಿಲಿಟರಿ ಗಾಡಿ'. ಸ್ವಲ್ಪ ಇತಿಹಾಸ ಗೊತ್ತಿದ್ದರೆ ಈ ಮಾತಿನ ಅರ್ಧ ಅಲ್ಲೇ ಉದುರುತ್ತದೆ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿತು. ನಾವು ಹಳೆ ಫೋಟೊಗಳಲ್ಲಿ ನೋಡುವ ಎತ್ತರದ ಬಾನೆಟ್ಟಿನ ಜೀಪು ಸಿಜೆ 3ಬಿ. ಅದರ ಪೆಟ್ರೋಲ್ ಎಂಜಿನ್ 2.2 ಲೀಟರಿನದು. ವಾಲ್ವ್‌ಗಳ ಜೋಡಣೆಯಿಂದಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಮೇಲೇರಿತು. ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಬಂದು 1968ರಲ್ಲಿ ನಿಂತಿತು. ನಮ್ಮಲ್ಲಿ ಅದು ಆಮೇಲೂ ಬಹಳ ಕಾಲ ತಯಾರಾಯಿತು. ಆದ್ದರಿಂದ ಎತ್ತರದ ಬಾನೆಟ್ ಇದೆ ಅಂದ ಮಾತ್ರಕ್ಕೆ ಅದು ಯುದ್ಧಕಾಲದ್ದೂ ಅಲ್ಲ, ಅಮೆರಿಕದ್ದೂ ಅಲ್ಲ.

ಡೀಸೆಲ್ ಕಾಲ ಬಂದಾಗ ಟ್ರ್ಯಾಕ್ಟರಿನ ಎಂಜಿನ್ ಜೀಪಿಗೆ ಬಂತು. 1980ರ ದಶಕದಲ್ಲಿ ಎಂಎಂ 540 ಬಂತು. ಅದರಲ್ಲಿದ್ದದ್ದು ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್. ಆಮೇಲೆ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನಿನ ಎಂಎಂ 550, ಮೇಜರ್. 2010ರಲ್ಲಿ ಥಾರ್ ಬಂದ ಮೇಲೆ ಈ ಹಳೆ ಸಾಲು ಮುಗಿಯಿತು. ಇನ್ನೊಂದು ಕಡೆ ಮಾರುತಿ ಜಿಪ್ಸಿ. ಅದು 1985ರಲ್ಲಿ 970 ಸಿಸಿಯ ಪೆಟ್ರೋಲ್ ಎಂಜಿನ್ ಹೊತ್ತು ಬಂತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಸೇನೆಯಲ್ಲಿ ಜಾಸ್ತಿ ಓಡಿದ್ದರಿಂದ ಜಿಪ್ಸಿಗೂ ಬಿಡಿಭಾಗದ ಬರ ಇಲ್ಲ.

ಮೇಜರ್ ಬಗ್ಗೆ ಒಂದು ಎಚ್ಚರ. ಅದರಲ್ಲಿ ಟೂ ವೀಲ್ ಡ್ರೈವ್, ಅಂದರೆ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಗಾಡಿಗಳೂ ಬೇಕಾದಷ್ಟು ಮಾರಾಟವಾಗಿವೆ. ನೋಡಲು ಎರಡೂ ಒಂದೇ. ಬಗ್ಗಿ ಮುಂದಿನ ಆಕ್ಸಲ್ ನೋಡಿ. ಅಲ್ಲಿ ಕುಂಬಳಕಾಯಿಯಂಥ ದುಂಡು ಹೌಸಿಂಗ್, ಅದಕ್ಕೆ ಬಲ ಒಯ್ಯುವ ಒಂದು ಪ್ರೊಪೆಲ್ಲರ್ ಶಾಫ್ಟ್ ಇದ್ದರೆ ಮಾತ್ರ ಫೋರ್ ವೀಲ್. ಬರೀ ಕಬ್ಬಿಣದ ತೊಲೆ ಇದ್ದರೆ, ಒಳಗೆ ಎಷ್ಟು ಲಿವರ್ ನೆಟ್ಟಿದ್ದರೂ ಅದು ಟೂ ವೀಲೇ.

ಕಾಗದ

ಆರ್‌ಸಿಯ ಒರಿಜಿನಲ್ ಕೈಗೆ ಬರಲಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ಸಾಲದು. ಅದನ್ನು ಹಿಡಿದು ಜೀಪಿನ ಹತ್ತಿರ ಹೋಗಿ. ಚಾಸಿಸ್ ನಂಬರ್ ಇರುವ ಜಾಗವನ್ನು ಮಾರುವವರೇ ತೋರಿಸಲಿ. ತಂತಿಬ್ರಶ್ಶಿನಿಂದ ಮಣ್ಣು, ಬಣ್ಣ ತೆಗೆದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಆರ್‌ಟಿಒದಲ್ಲಿ ನಾಳೆ ಮಾಡುವ ಕೆಲಸವನ್ನು ಇವತ್ತೇ ನೀವು ಮಾಡಿಕೊಂಡಂತೆ. ಅಂಕಿಗಳು ಒಂದೇ ಆಳ, ಒಂದೇ ಅಳತೆ, ಒಂದೇ ಸಾಲಿನಲ್ಲಿ ಇರಬೇಕು. ಒಂದಂಕಿ ಮೇಲೆ ಒಂದಂಕಿ ಕೆಳಗೆ ಕುಣಿದರೆ ಕೈಯಲ್ಲಿ ಪಂಚ್ ಮಾಡಿದ್ದು ಅಂತ ಅನುಮಾನಿಸಿ. ಹತ್ತಿರದಲ್ಲಿ ಗ್ರೈಂಡರ್ ಗುರುತು, ವೆಲ್ಡಿಂಗ್ ಗೆರೆ ಕಂಡರೆ ಟೀ ಕುಡಿದು ಹೊರಡಿ. ಎಂಜಿನ್ ನಂಬರಿನ ವಿಷಯ ಸ್ವಲ್ಪ ಬೇರೆ. ಹಳೆ ಗಾಡಿಯಲ್ಲಿ ಎಂಜಿನ್ ಬದಲಾಗಿರುವುದು ಸಹಜ. ಆದರೆ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು.

ಇದರಲ್ಲೇ ಬರುವ ದೊಡ್ಡ ತೊಡಕು ಇಂಧನದ್ದು. ಪೆಟ್ರೋಲ್ ಸಿಜೆ 3ಬಿಗಳಿಗೆ ಡೀಸೆಲ್ ಎಂಜಿನ್ ಇಳಿಸುವುದು ಒಂದು ಕಾಲದಲ್ಲಿ ಊರೂರಿನಲ್ಲಿ ನಡೆಯುತ್ತಿತ್ತು. ಆರ್‌ಸಿಯಲ್ಲಿ 'ಪೆಟ್ರೋಲ್' ಅಂತಲೇ ಉಳಿದು, ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಇದ್ದರೆ ಅದು ಕಾನೂನಿನ ಕಣ್ಣಿಗೆ ಬೇರೆಯೇ ಗಾಡಿ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಬೆರಳಿಡುವುದೂ ಅಲ್ಲೇ. 'ಎಲ್ಲರೂ ಹೀಗೇ ಓಡಿಸ್ತಾರೆ' ಅನ್ನುವ ಮಾತು ಬರುತ್ತದೆ. ಓಡಿಸುತ್ತಾರೆ, ನಿಜ. ತಗಲಿಕೊಳ್ಳುವ ದಿನ ಆ ಎಲ್ಲರೂ ಪಕ್ಕದಲ್ಲಿ ಇರುವುದಿಲ್ಲ.

ನಂಬರ್ ಪ್ಲೇಟು ಕೂಡ ಮಾತಾಡುತ್ತದೆ. ಕೆಎ ಅಕ್ಷರಗಳಿಂದ ಶುರುವಾಗುವ ನಂಬರುಗಳು ಬಂದದ್ದು 1989ರ ಆಸುಪಾಸಿನಲ್ಲಿ, ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದಾಗ. ಹಾಗಾದರೆ '72ರ ಮಾಡೆಲ್' ಅನ್ನುವ ಜೀಪಿಗೆ ಕೆಎ ನಂಬರ್ ಎಲ್ಲಿಂದ ಬಂತು? ಬೇರೆ ರಾಜ್ಯದಿಂದ ಬಂದಿರಬಹುದು, ಸೇನೆಯ ಹರಾಜಿನಿಂದ ಬಂದು ಆಮೇಲೆ ನೋಂದಣಿ ಆಗಿರಬಹುದು. ಎರಡೂ ತಪ್ಪಲ್ಲ. ಆದರೆ ಆ ಕತೆಗೆ ಕಾಗದದ ಆಧಾರ ಇರಬೇಕು. ಹರಾಜಿನ ಚೀಟಿ ಮಾತ್ರ ಇದೆ, 'ನಂಬರ್ ನೀವೇ ಮಾಡಿಸ್ಕೊಳ್ಳಿ' ಅಂದರೆ, ಆ ಗಾಡಿ ತೋಟದ ಗೇಟು ದಾಟುವುದಿಲ್ಲ ಅಂತ ಲೆಕ್ಕ ಹಾಕಿಯೇ ಬೆಲೆ ಕಟ್ಟಿ.

ಈಗ ಡಬ್ವಾಲಿ ಕತೆ. ಪಂಜಾಬ್ ಮತ್ತು ಹರಿಯಾಣದ ಗಡಿಯಲ್ಲಿರುವ ಮಂಡಿ ಡಬ್ವಾಲಿ ಅನ್ನುವ ಊರು ಜೀಪು ಕಟ್ಟುವುದಕ್ಕೆ ಹೆಸರಾಗಿದೆ. ಹಳೆ ಆಕ್ಸಲ್, ಯಾವುದೋ ಎಂಜಿನ್, ಹೊಸ ತಗಡು ಸೇರಿಸಿ ಥಳಥಳ ಹೊಳೆಯುವ ಜೀಪು ಮಾಡಿ ಕೊಡುತ್ತಾರೆ. ಕೈಕೆಲಸ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಸುಮ್ನೆ ಹೆಸರು ಬಂದಿಲ್ಲ. ಸಮಸ್ಯೆ ಕಾಗದದ್ದು. ಹೀಗೆ ಕಟ್ಟಿದ ಗಾಡಿಗೆ ತನ್ನದೇ ಹುಟ್ಟಿನ ದಾಖಲೆ ಇಲ್ಲ. ಗುಜರಿಗೆ ಹೋದ ಯಾವುದೋ ಜೀಪಿನ ಆರ್‌ಸಿಯನ್ನು ಅದಕ್ಕೆ ಹೊಂದಿಸಿದರೆ ನೋಡುವವರಿಗೆ ಎಲ್ಲ ಸರಿ ಅನಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ, ಹಾಗೆ ಬದಲಿಸಿದ್ದನ್ನು ನೋಂದಾಯಿಸುವಂತಿಲ್ಲ. ಬಣ್ಣ ಬದಲಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳುವುದು ಬೇರೆ, ಬಾಡಿ ಮತ್ತು ಚಾಸಿಸ್ಸಿನ ರಚನೆಯನ್ನೇ ಬದಲಿಸುವುದು ಬೇರೆ.

ಇದನ್ನು ಹಿಡಿಯಲು ಒಂದು ಅಗ್ಗದ ಉಪಾಯ ಇದೆ. ಹೆಚ್ಚಿನ ಆರ್‌ಸಿಗಳಲ್ಲಿ ವೀಲ್‌ಬೇಸ್ ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಸಿಜೆ 3ಬಿಗೆ ಅದು 80 ಇಂಚು, ಸುಮಾರು 2,030 ಮಿಲಿಮೀಟರ್. ಬಡಗಿಯ ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. ಆರ್‌ಸಿಗೂ ಅಳತೆಗೂ ಗೇಣುದ್ದ ವ್ಯತ್ಯಾಸ ಬಂದರೆ ಯಾವುದೋ ಉದ್ದ ಗಾಡಿಯ ಚಾಸಿಸ್ ಕತ್ತರಿಸಿದ್ದಾರೆ, ಇಲ್ಲವೇ ಕಾಗದ ಇನ್ನೊಂದು ಗಾಡಿಯದ್ದು. ಎಡಕ್ಕೂ ಬಲಕ್ಕೂ ಅಳತೆ ಬೇರೆ ಬಂದರೆ ಸ್ಪ್ರಿಂಗ್ ಕಚ್ಚಿದ ಜಾಗ ಜರುಗಿದೆ ಅಥವಾ ಚಾಸಿಸ್ ಸೊಟ್ಟಗಿದೆ. ಒಂದು ಟೇಪು ಇಷ್ಟು ಹೇಳುತ್ತದೆ, ಆದರೂ ಜೀಪು ನೋಡಲು ಟೇಪು ಹಿಡಿದು ಹೋದವರನ್ನು ನಾನು ಕಂಡದ್ದು ಕಮ್ಮಿ.

ಮಲೆನಾಡಿನಲ್ಲಿ ಜಾಸ್ತಿ ಸಿಗುವ ತೊಡಕು ಬೇರೆಯದು. ಜೀಪು ಸಾಚಾ, ಚಾಸಿಸ್ ಸಾಚಾ, ಆರ್‌ಸಿ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲಿ. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಗಿದೆ. ಮೊಮ್ಮಗ ಮಾರುತ್ತಿದ್ದಾನೆ. ಹೀಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬದಲಾಗಬೇಕು, ಅದಕ್ಕೆ ಫಾರಂ 31. ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಮುಂಬೈಯಲ್ಲಿರುವ ಚಿಕ್ಕಪ್ಪ ಸಹಿ ಹಾಕುತ್ತಾರಾ ಅಂತ ಮೊದಲೇ ಕೇಳಿ. ಇನ್ನೊಂದು, ಎಂದೋ ತೀರಿದ ಸಾಲ. ಸಾಲ ಮುಗಿದಿರುತ್ತದೆ, ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಉಳಿದಿರುತ್ತದೆ. ಅದನ್ನು ತೆಗೆಸಲು ಫಾರಂ 35ಕ್ಕೆ ಫೈನಾನ್ಸಿನವರ ಸಹಿ ಬೇಕು. ಆ ಫೈನಾನ್ಸೇ ಬಾಗಿಲು ಹಾಕಿಕೊಂಡು ಹೋಗಿದ್ದರೆ ನಿಮ್ಮ ಚಪ್ಪಲಿ ಸವೆಯುತ್ತದೆ. ಈ ಎರಡೂ ಕೆಲಸ ಮಾರುವವರದ್ದು. 'ನಾನು ನೋಡ್ಕೋತೀನಿ' ಅಂತ ನೀವು ಮೈಮೇಲೆ ಹಾಕಿಕೊಳ್ಳಬೇಡಿ.

ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಇದರ ಕೇಂದ್ರ ಶುಲ್ಕ ಕಾರು, ಜೀಪುಗಳಿಗೆ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದನ್ನು 10,000 ಮಾಡಿದರು. ರಾಜ್ಯದ ತೆರಿಗೆ, ದಂಡ ಬಾಕಿ ಇದ್ದರೆ ಬೇರೆ. ರಿನ್ಯೂವಲ್ ಆಗದೆ ಎಷ್ಟು ವರ್ಷ ಕಳೆದಿದೆ ಅಂತ ಕೇಳಿ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿಯ ವಿವರ ಬರಬೇಕು. ತೀರಾ ಹಳೆಯವು ಕೆಲವು ಇನ್ನೂ ಕಂಪ್ಯೂಟರಿಗೆ ಏರಿಲ್ಲ, ಅಂಥವನ್ನು ಮೂಲ ಆರ್‌ಟಿಒದಲ್ಲಿ ಏರಿಸಿಕೊಂಡೇ ಮುಂದುವರಿಯಬೇಕು. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸಿದ್ದರೆ ಒಳ್ಳೆ ಸೂಚನೆ, ಯಾಕೆಂದರೆ ದಾಖಲೆ ಆನ್‌ಲೈನಿನಲ್ಲಿ ಇದ್ದರೇ ಆ ಪ್ಲೇಟು ಸಿಗುವುದು.

ದೆಹಲಿಯಿಂದ ಬರುವ ಅಗ್ಗದ ಗಾಡಿಗಳ ಗುಟ್ಟೂ ಇಲ್ಲೇ ಇದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನ್ಯಾಯಾಲಯಗಳ ನಿರ್ಬಂಧ ಬಂದಿದ್ದರಿಂದ ಮಾಲೀಕರು ಹೊರರಾಜ್ಯಕ್ಕೆ ದಾಟಿಸಿದರು. ಅಲ್ಲಿನ ಎನ್ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಲಾರಿ ಬಾಡಿಗೆ ಎಲ್ಲ ಕೂಡಿಸಿ ನೋಡಿದರೆ ಅಗ್ಗ ಅಂದದ್ದು ಅಷ್ಟೇನೂ ಅಗ್ಗ ಅಲ್ಲ. 'ಸರ್ಕಾರಿ ಇಲಾಖೆಯ ಗಾಡಿ, ಈಗಷ್ಟೇ ಹರಾಜಾಯ್ತು' ಅನ್ನುವುದಕ್ಕೂ ಕಿವಿ ನಿಮಿರಲಿ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಯುವುದಿಲ್ಲ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಜೀಪಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ತೋಟಕ್ಕೆ ಗೊಬ್ಬರ ಹೊರಿಸಬೇಕು ಅನ್ನುವವರಿಗೆ ಅದು ಆಗಿಬರುವುದಿಲ್ಲ.

ಗಾಡಿ ಕೆಳಗೆ ಮಲಗಿ

ಇಷ್ಟೂ ಸರಿ ಬಂದರೆ ಈಗ ಹಳೆ ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗುವ ಸಮಯ. ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್ ಕೈಯಲ್ಲಿರಲಿ.

ಜೀಪಿನ ಚಾಸಿಸ್ ಅಂದರೆ ಅಡ್ಡ ಮಲಗಿಸಿದ ಏಣಿ. ಉದ್ದಕ್ಕೆ ಎರಡು ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಬಾಡಿ, ಸ್ಪ್ರಿಂಗ್ ಎಲ್ಲ ಕೂತಿರುವುದು ಈ ಏಣಿಯ ಮೇಲೆ. ತೊಲೆಯ ಒಳಗೆ ಮಣ್ಣು, ದರಗು ಸೇರಿಕೊಳ್ಳುತ್ತದೆ. ಮಳೆಗಾಲ ಮುಗಿದರೂ ಆ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಅದಕ್ಕೇ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗಡೆ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿರಬಹುದು, ಒಳಗೆ ತಗಡು ಹಪ್ಪಳವಾಗಿರಬಹುದು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದುಹೋದ ಜಾಗ ದಬ್ ಅನ್ನುತ್ತದೆ. ದಬ್ ಅಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಇಳಿದರೆ ಮಾತು ಮುಗಿಯಿತು.

ಎಲ್ಲ ಕಡೆ ತಟ್ಟಲು ಪುರುಸೊತ್ತಿಲ್ಲದಿದ್ದರೆ ಸ್ಪ್ರಿಂಗಿನ ಬ್ಲೇಡುಗಳು ಚಾಸಿಸ್ಸಿಗೆ ಸೇರುವ ಹ್ಯಾಂಗರ್‌ಗಳ ಹತ್ತಿರ ತಪ್ಪದೆ ನೋಡಿ. ಗಾಡಿಯ ಪೂರ್ತಿ ಭಾರ, ಗುಂಡಿಯ ಪೂರ್ತಿ ಏಟು ಬೀಳುವುದು ಅಲ್ಲೇ. ಸ್ಟೇರಿಂಗ್ ಬಾಕ್ಸ್ ಕಚ್ಚಿದ ಜಾಗದ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಹಿಂದುಗಡೆಯ ಕೊನೆಯ ಅಡ್ಡಪಟ್ಟಿ, ಅಂದರೆ ಟ್ರೈಲರ್ ಎಳೆಯುವ ಕೊಂಡಿ ಇರುವ ಜಾಗ, ಬಾಗಿದ್ದರೆ ಆ ಜೀಪು ಮರದ ದಿಮ್ಮಿ ಎಳೆದದ್ದು ಅಂತ ತಿಳಿಯಿರಿ. ಕರಾವಳಿಯಲ್ಲಿ ಬೆಳೆದ ಗಾಡಿಯಾದರೆ ಉಪ್ಪುಗಾಳಿ ತಿಂದಿರುತ್ತದೆ, ಅಲ್ಲಿ ಇನ್ನೂ ಎರಡು ಪಟ್ಟು ಹೊತ್ತು ಮಲಗಿ.

ರಿಪೇರಿ ಆಗಿರುವುದೇ ತಪ್ಪಲ್ಲ. ಬಿರುಕು ಬಿಟ್ಟ ಜಾಗಕ್ಕೆ ದಪ್ಪ ಪ್ಲೇಟ್ ಇಟ್ಟು ನೇರವಾಗಿ, ಶುಚಿಯಾಗಿ ಬೆಸುಗೆ ಹಾಕಿದ್ದರೆ ಆ ಕೆಲಸ ಬಲ್ಲವರು ಮಾಡಿದ್ದು. ತೆಳು ತಗಡಿನ ತೇಪೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಹೊಸ ಬಣ್ಣ ಇದ್ದರೆ ಅದು ಮಾರಲೆಂದೇ ಮಾಡಿದ್ದು. ಚಾಸಿಸ್ ತೊಲೆಗೆ ಅಡ್ಡಲಾಗಿ, ಸುತ್ತಲೂ ಬಂದ ಬೆಸುಗೆ ಕಂಡರೆ ಮಾತ್ರ ಯಾವ ಸಮಾಧಾನವನ್ನೂ ಕೇಳಬೇಡಿ. ಅದು ಕತ್ತರಿಸಿ ಜೋಡಿಸಿದ ಚಾಸಿಸ್.

ಬಾಡಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಬೇಡ. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ ತಗಡಿನ ಮೇಲೆ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ಇದೆ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಟಿಂಕರಿಂಗ್ ಮಾಡುವ ಒಳ್ಳೆ ಕೈ ಇದ್ದರೆ ತಗಡು ಯಾವಾಗ ಬೇಕಾದರೂ ಹೊಸದಾಗುತ್ತದೆ. ಜಿಪ್ಸಿಯಲ್ಲಿ ಮಾತ್ರ ಸ್ವಲ್ಪ ಹೆಚ್ಚು ಗಮನ ಬೇಕು. ಅದರ ತಗಡು ತೆಳು. ನೆಲ, ಹಿಂದಿನ ಚಕ್ರದ ಮೇಲಿನ ಭಾಗ, ಗಾಜಿನ ಚೌಕಟ್ಟಿನ ಬುಡ ಬೇಗ ತಿಂದುಹೋಗುತ್ತವೆ.

ಫೋರ್ ವೀಲ್ ನಿಜಕ್ಕೂ ಇದೆಯಾ?

ಜೀಪು ಕೊಳ್ಳುವುದೇ ಇದಕ್ಕೆ, ಅಲ್ವಾ? ಆದರೂ ಬಹಳ ಜನ ಲಿವರ್ ಅಲ್ಲಾಡಿಸಿ ನೋಡಿ ತೃಪ್ತಿಯಾಗುತ್ತಾರೆ. ಲಿವರ್ ಅಲ್ಲಾಡುವುದಕ್ಕೂ ಮುಂದಿನ ಚಕ್ರಕ್ಕೆ ಬಲ ಹೋಗುವುದಕ್ಕೂ ನಡುವೆ ಹತ್ತಾರು ಹಲ್ಲುಗಳಿವೆ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿದುಕೊಳ್ಳೋಣ. ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸ್. ಅದರಿಂದ ಒಂದು ಶಾಫ್ಟ್ ಹಿಂದಕ್ಕೆ, ಒಂದು ಮುಂದಕ್ಕೆ ಹೋಗುತ್ತದೆ. ಟೂ ವೀಲಿನಲ್ಲಿ ಮುಂದಿನದಕ್ಕೆ ಬಲ ಇಲ್ಲ. ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಆಗುವುದಿಲ್ಲ. ಆಗ ಶಾಫ್ಟುಗಳಲ್ಲಿ ಒದ್ದೆ ಬಟ್ಟೆ ಹಿಂಡಿದಂಥ ತಿರುಚು ಕೂಡುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಕೊನೆಗೆ ಯಾವುದೋ ಹಲ್ಲೋ ಶಾಫ್ಟಿನ ಕೀಲಾದ ಕ್ರಾಸೋ ಮುರಿಯುತ್ತದೆ. ಅದಕ್ಕೇ ಫೋರ್ ವೀಲ್ ಪರೀಕ್ಷೆ ಮಣ್ಣಿನ ಮೇಲೆ ಮಾಡಬೇಕು. ಟಾರಿನ ಮೇಲೆ ಫೋರ್ ವೀಲ್ ಹಾಕಿ ಗಿರಗಿರ ತಿರುಗಿಸಿ ತೋರಿಸುವ ಮಾಲೀಕ ಇಷ್ಟು ವರ್ಷ ಗಾಡಿಯನ್ನು ಹೇಗೆ ಓಡಿಸಿರಬೇಕು ಅಂತ ಯೋಚಿಸಿ.

ಒಂದು ಪರೀಕ್ಷೆಯನ್ನು ನಿಂತಲ್ಲೇ ಮಾಡಬಹುದು. ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ಗೇರಿನಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ. ಮುಂದಿನ ಚಕ್ರಗಳ ನಡುವೆ ಫ್ರೀ ವೀಲಿಂಗ್ ಹಬ್ (ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಸಾಧನ) ಇದ್ದರೆ ಎರಡೂ ಕಡೆಯದನ್ನು ಲಾಕ್ ಮಾಡಿ. ಟೂ ವೀಲಿನಲ್ಲಿ ಇಟ್ಟು ಆ ಚಕ್ರ ತಿರುಗಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕೂಡ ತಿರುಗಬೇಕು. ತಿರುಗದಿದ್ದರೆ ಒಳಗಿನ ಆಕ್ಸಲ್ ತುಂಡಾಗಿದೆ, ಇಲ್ಲವೇ ತೆಗೆದು ಹಾಕಿದ್ದಾರೆ. ಈಗ ಫೋರ್ ವೀಲ್ ಹಾಕಿ. ಚಕ್ರ ಕೈಯಲ್ಲಿ ತಿರುಗಬಾರದು. ಕಚ್ಚಿಕೊಳ್ಳುವ ಮುಂಚೆ ಎಷ್ಟು ಸಡಿಲ ಆಡುತ್ತದೆ ಅನ್ನುವುದು ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಹಲ್ಲು, ಕ್ರಾಸ್, ಟ್ರಾನ್ಸ್‌ಫರ್ ಕೇಸ್ ಎಲ್ಲದರ ಒಟ್ಟು ಸವೆತ. ಸ್ವಲ್ಪ ಇದ್ದೇ ಇರುತ್ತದೆ. ಒಂದು ಗೇಣು ಆಡಿದರೆ ಖರ್ಚಿನ ಪಟ್ಟಿಗೆ ಸೇರಿಸಿ. ಇದೆಲ್ಲ ಮಾಡುವಾಗ ಬರೀ ಜಾಕಿ ನಂಬಿ ಕೆಳಗೆ ನುಸುಳಬೇಡಿ.

ಆಮೇಲೆ ಓಡಿಸಿ ನೋಡಿ. ಗಾಡಿ ಪೂರ್ತಿ ನಿಲ್ಲಿಸಿ ಲೋ ಗೇರ್ ಹಾಕಿ, ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಇಳಿಸಿ, ಆಕ್ಸಿಲರೇಟರ್ ಬಿಡಿ. ಎಂಜಿನ್ ಗಾಡಿಯನ್ನು ಹಿಡಿದು ಇಳಿಸಬೇಕು. ನಡುವೆ ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಒಳಗೆ ಹಲ್ಲು ಸವೆದಿದೆ. ಇದು ಸಣ್ಣ ವಿಷಯ ಅಲ್ಲ. ಘಾಟಿಯಲ್ಲಿ ಹೀಗೆ ಜಿಗಿದರೆ ನಿಮ್ಮ ಪಾಲಿಗೆ ಉಳಿಯುವುದು ಬ್ರೇಕ್ ಮಾತ್ರ, ಅದೂ ಹಳೆ ಡ್ರಮ್ ಬ್ರೇಕ್.

ಮುಂದಿನ ಚಕ್ರಗಳ ಒಳಬದಿಯಲ್ಲಿ ಚೆಂಡಿನಂಥ ದುಂಡು ಗೋಳ ಕಾಣುತ್ತದೆ. ಚಕ್ರ ತಿರುಗುವುದು ಅದರ ಸುತ್ತ. ಅದರ ಮೇಲೆ ತೆಳುವಾಗಿ ಗ್ರೀಸ್ ಇದ್ದರೆ ಸರಿ, ಎಣ್ಣೆ ಸುರಿಯುತ್ತಿದ್ದರೆ ಸೀಲ್ ಹೋಗಿದೆ, ಗುಂಡಿ ಗುಂಡಿಯಾಗಿ ತುಕ್ಕು ಹಿಡಿದಿದ್ದರೆ ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಹೌಸಿಂಗಿನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿಸಿ, ಬೆರಳು ಹಾಕಿ ನೋಡಿ. ಎಣ್ಣೆ ಹಾಲುಬಿದ್ದ ಕಾಫಿಯ ಬಣ್ಣದಲ್ಲಿದ್ದರೆ ಹೊಳೆ ದಾಟುವಾಗ ನೀರು ಸೇರಿದೆ. ಕೊಡಚಾದ್ರಿಗೋ ಮಡಿಕೇರಿಯ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹೊತ್ತು ಓಡಿದ ಜೀಪಾದರೆ ಈ ಭಾಗವನ್ನು ಅರ್ಧ ಗಂಟೆ ನೋಡಿದರೂ ಹೆಚ್ಚಲ್ಲ. ಆ ಕಲ್ಲುದಾರಿ ಹತ್ತಿದ ಗಾಡಿಗಳ ಸ್ಪೀಡೋಮೀಟರ್ ಕಮ್ಮಿ ತೋರಿಸಿದರೂ ಹೌಸಿಂಗ್ ನಿಜ ಹೇಳುತ್ತದೆ. ಬಾಡಿಗೆಗೆ ಓಡಿದ ಹಳದಿ ಬೋರ್ಡಿನದಾದರೆ ಬಿಳಿ ಬೋರ್ಡಿಗೆ ಬದಲಾಗಿದೆಯಾ ಅಂತಲೂ ಕೇಳಿ.

ಈಗ ಬಾನೆಟ್ ಎತ್ತಿ

ಬರುತ್ತೇವೆ ಅಂತ ಫೋನ್ ಮಾಡುವಾಗಲೇ 'ಸ್ಟಾರ್ಟ್ ಮಾಡಿ ಇಡಬೇಡಿ' ಅಂತ ಹೇಳಿ. ಹೋದ ತಕ್ಷಣ ರೇಡಿಯೇಟರ್ ಮುಟ್ಟಿ. ಬಿಸಿ ಇದ್ದರೆ ನಿಮಗೋಸ್ಕರ ಮೊದಲೇ ಶುರು ಮಾಡಿದ್ದಾರೆ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆಯ ಪದರ ಇದೆಯಾ ನೋಡಿ. ಎಂಎಂ 540ರ ಪ್ಯೂಜೊ ಎಂಜಿನ್ನಿಗೆ ಚಳಿಯಲ್ಲಿ ಸಿಲಿಂಡರ್ ಬಿಸಿ ಮಾಡುವ ಹೀಟರ್ ಬೇಕು, ಕೀಲಿ ತಿರುಗಿಸಿ ಸ್ವಲ್ಪ ಕಾಯುವುದು ಸಹಜ. ಅದನ್ನು ದೋಷ ಅಂದುಕೊಳ್ಳಬೇಡಿ. ಡಿಐ ಎಂಜಿನ್ ಹೀಟರ್ ಇಲ್ಲದೆಯೇ ಹತ್ತಬೇಕು. ಪ್ಯೂಜೊ ನಯವಾಗಿ ಓಡುತ್ತದೆ, ಡಿಐ ಒರಟಾಗಿ ಎಳೆಯುತ್ತದೆ. ನನ್ನ ಮಟ್ಟಿಗೆ ತೋಟಕ್ಕೆ ಡಿಐ, ರಸ್ತೆಗೆ ಪ್ಯೂಜೊ.

ಎಂಜಿನ್ ಬಿಸಿಯಾದ ಮೇಲೆ, ಓಡುತ್ತಿರುವಾಗಲೇ ಎಣ್ಣೆ ಹಾಕುವ ಮುಚ್ಚಳ ತೆಗೆಯಿರಿ. ಬಾಯಿಯಿಂದ ಬುಸ್ ಬುಸ್ ಅಂತ ಹೊಗೆ ಬಂದರೆ ಮೆಕ್ಯಾನಿಕ್‌ಗಳು ಅದನ್ನು 'ಬ್ಯಾಕ್ ಕಂಪ್ರೆಷನ್' ಅನ್ನುತ್ತಾರೆ. ಪಿಸ್ಟನ್ ರಿಂಗು, ಬೋರು ಸವೆದು ಉರಿದ ಗಾಳಿ ಕೆಳಗೆ ಸೋರುತ್ತಿದೆ ಅಂತ ಅರ್ಥ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಪಂಪು, ನಾಝಲ್ಲಿನ ವಿಷಯ, ಅದು ಅಷ್ಟು ಭಯದ್ದಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡೇ ಬಿರುಕು ಬಿಟ್ಟಿರಬಹುದು. ಎಷ್ಟು ಕೆಟ್ಟಿದ್ದರೂ ಇದೆಲ್ಲ ದುಡ್ಡಿನ ಲೆಕ್ಕ. ಊರಿನ ಮೆಕ್ಯಾನಿಕ್ ಹತ್ತಿರ ಪೂರ್ತಿ ಎಂಜಿನ್ ಕೆಲಸಕ್ಕೆ ಎಷ್ಟು ಅಂತ ಕೇಳಿಕೊಂಡು ಹೋಗಿ, ಆ ಮೊತ್ತ ಬೆಲೆಯಲ್ಲಿ ಇಳಿಸಿ. ಅವರು ಇಳಿಸಿದರೆ ಸುಸ್ತಾದ ಎಂಜಿನ್ನಿನ ಸಾಚಾ ಜೀಪೇ ಒಳ್ಳೆ ವ್ಯಾಪಾರ. ಪೆಟ್ರೋಲ್ ಗಾಡಿಯಾದರೆ ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಬದಲಿಸುವ ಖರ್ಚೂ ಸೇರಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇದೆ, ಹಳೆ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ.

ಸ್ಟೇರಿಂಗಿನಲ್ಲಿ ಸ್ವಲ್ಪ ಪ್ಲೇ ಹಳೆ ಜೀಪಿಗೆ ಹುಟ್ಟುಗುಣ. ಆದರೆ 50ರ ವೇಗದಲ್ಲಿ ಒಂದು ಗುಂಡಿಗೆ ಇಳಿಸಿದಾಗ ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾಗಿ, ನಿಲ್ಲಿಸುವ ತನಕ ನಿಲ್ಲದಿದ್ದರೆ ಕಿಂಗ್ ಪಿನ್ ಬೇರಿಂಗ್, ಟೈರಾಡ್, ಸ್ಪ್ರಿಂಗ್ ಬುಷ್ ಯಾವುದೋ ಹೋಗಿದೆ. ಟಯರ್ ಬ್ಯಾಲೆನ್ಸ್ ಮಾಡಿಸಿದರೆ ಸರಿಹೋಗುತ್ತೆ ಅನ್ನುವ ಮಾತು ನಂಬಬೇಡಿ. ಬ್ರೇಕ್ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಇಳಿದರೆ ಎಲ್ಲೋ ಸೋರಿಕೆ ಇದೆ. ತೀರಾ ಹಳೆಯವುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿಗೆ ಹಿಡಿಯುತ್ತದೆ. ಅಲ್ಲಿ ಎಣ್ಣೆ ಸೋರಿದ್ದರೆ ಅದು ಇದ್ದೂ ಇಲ್ಲದಂತೆ.

ಇಷ್ಟನ್ನೂ ಒಬ್ಬರೇ ನೋಡಲು ಆಗುವುದಿಲ್ಲ. ಜೀಪಿನ ಮೆಕ್ಯಾನಿಕ್ ಒಬ್ಬರನ್ನು ದಿನಗೂಲಿ ಕೊಟ್ಟು ಕರೆದೊಯ್ಯಿರಿ. ಕಾರಿನ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಇದಕ್ಕೆ ಬೇರೆ ಕಣ್ಣು ಬೇಕು. ಅವರಿಗೆ ಮಾರುವವರ ಕಡೆಯಿಂದ ಕಮಿಷನ್ ಇಲ್ಲ ಅನ್ನುವುದೂ ಖಾತ್ರಿಯಾಗಲಿ.

ವ್ಯಾಪಾರ ಕುದುರಿದರೆ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಆಗುವ ತನಕ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ಗಾಡಿಯಾದರೆ ಎನ್ಒಸಿ ಕೈಗೆ ಬರುವ ತನಕ ಒಂದು ದೊಡ್ಡ ಪಾಲು ಹಿಡಿದಿಟ್ಟುಕೊಳ್ಳಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನನ್ನ ಆ ಹಸಿರು ಜೀಪಿನ ಆರ್‌ಸಿ ಕೊನೆಗೂ ಸರಿಹೋಗಲಿಲ್ಲ. ಎಂಜಿನ್ನನ್ನು ಪಕ್ಕದೂರಿನವರೊಬ್ಬರು ಅಡಿಕೆ ತೋಟದ ಪಂಪಿಗೆ ಅಂತ ಬಿಚ್ಚಿಕೊಂಡು ಹೋದರು. ಈಗಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಶುರುವಾಗುತ್ತದಂತೆ.